ಯಾರದೋ ಎಡಗೈ ಹೆಬ್ಬೆಟ್ಟು

ದೆವ್ವ, ಶಕುನ, ಮಾಟ, ಮೈಮೇಲೆ ಬರುವುದು ಇವು ಯಾವುದನ್ನೂ ನಾನು ನಂಬಿದವನಲ್ಲ. ದೇವರನ್ನೇ ಅರೆಬರೆ ನಂಬಿದವನು. ಇದಕ್ಕೆ ದೊಡ್ಡ ವಿಚಾರವಂತಿಕೆಯೇನೂ ಕಾರಣವಲ್ಲ, ನನ್ನ ನೌಕರಿ ಕಾರಣ. ನಾನು ನೋಂದಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಜಮೀನು, ಮನೆ ಕ್ರಯವಾಗುವಾಗ ಓದುಬರಹ ಬಾರದವರ ಎಡಗೈ ಹೆಬ್ಬೆರಳು ಹಿಡಿದು, ಮಸಿ ಹಚ್ಚಿ, ಪುಸ್ತಕದಲ್ಲಿ ಒತ್ತಿಸುವುದು ನನ್ನ ಕೆಲಸ. ಅಣ್ಣನ ಬದಲು ತಮ್ಮ, ಸತ್ತವನ ಬದಲು ಬದುಕಿರುವವನು ಬಂದು ಕೈ ಚಾಚಿದ್ದನ್ನು ಕಂಡಿದ್ದೇನೆ. ಹಾಗಾಗಿ ಎದುರಿಗೆ ನಿಂತವನು ನಗುತ್ತ ಮಾತಾಡಿದರೆ ನಾನು ಮೊದಲು ಅವನ ಬೆರಳು ನೋಡುತ್ತಿದ್ದೆ.

ಇಷ್ಟು ಹೇಳಿದ್ದೇಕೆಂದರೆ, ಮುಂದೆ ಬರೆಯುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಒಳ್ಳೆ ಕತೆ ಕಟ್ಟಿದೆಯಪ್ಪ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದೆ. ಓದುವವರು ನನ್ನನ್ನೂ ಹಾಗೆ ಕಳಿಸಬಹುದು, ಬೇಸರವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹಿರಿಯೂರಿನಲ್ಲಿ ರೂಮು ಮಾಡಿಕೊಂಡಿದ್ದೆ. ತಾಯಿ ಮತ್ತು ತಂಗಿ ರತ್ನ ತುರುವನೂರು ಹತ್ತಿರದ ನಮ್ಮ ಹಳ್ಳಿಯಲ್ಲಿದ್ದರು. ಕುರಿ ಕಾಯುತ್ತಿದ್ದ ತಂದೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮನೆಗೆ ಯಜಮಾನ ಅಂದರೆ ನಾನೇ. ರತ್ನ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ನಮ್ಮ ಕೇರಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಅವಳೊಬ್ಬಳೇ. ದೂರದ ಊರಿನ ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ತರಬೇತಿಗೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆ, ಊಟ ವಸತಿ ಅವರದೇ ಎಂದು ಯಾರೋ ಟೀಚರು ಹೇಳಿ ಅವಳಿಗೆ ಫಾರಂ ಕೊಟ್ಟಿದ್ದರು. ಅದರಲ್ಲಿ ಪೋಷಕರ ಒಪ್ಪಿಗೆ ಬೇಕು. ಪೋಷಕ ನಾನು.

ನನಗೆ ಒಪ್ಪಿಗೆ ಇರಲಿಲ್ಲ. ಪುಕ್ಕಟೆ ಊಟ ಹಾಕುವವರು ಸುಮ್ಮನೆ ಹಾಕುತ್ತಾರೆಯೇ? ಜಾತಿ ಕೆಡಿಸುತ್ತಾರೆ, ಹೆಸರು ಬದಲಿಸುತ್ತಾರೆ, ನಾಳೆ ನಂಟರ ಎದುರು ತಲೆ ಎತ್ತುವಂತಿಲ್ಲ ಎಂದು ತಾಯಿ ಅಳುತ್ತಿದ್ದಳು. ಹೊಳಲ್ಕೆರೆ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಗಂಡಿಗೆ ವಯಸ್ಸು ಸ್ವಲ್ಪ ಹೆಚ್ಚು, ಆದರೆ ನೀರಾವರಿ ಜಮೀನಿತ್ತು. ಆದರೂ ರತ್ನನ ಮುಖ ನೋಡಿ ಒಮ್ಮೆಲೇ ಆಗದು ಎನ್ನಲು ಬಾಯಿ ಬರಲಿಲ್ಲ. ಚಿತ್ರದುರ್ಗದ ಚರ್ಚಿನಲ್ಲಿ ಕರುಣಮ್ಮ ಎಂಬ ನಿವೃತ್ತ ನರ್ಸ್ ಇದ್ದರು. ಈ ಕಡೆಯ ಹುಡುಗಿಯರ ಫಾರಂಗಳನ್ನು ಕೂಡಿಸಿ ಕಳಿಸುವವರು ಅವರೇ. ಆ ಭಾನುವಾರವೇ ಕೊನೆ, ಮಧ್ಯಾಹ್ನದ ಬಸ್ಸಿಗೆ ಅವರು ಫಾರಂಗಳನ್ನು ಆಸ್ಪತ್ರೆಗೆ ಒಯ್ಯುವವರಿದ್ದರು. ಕಣ್ಣಾರೆ ನೋಡಿಕೊಂಡು ಬರುತ್ತೇನೆ ಎಂದು ಹೇಳಿ ಹೊರಟೆ. ಒಂದು ತಪ್ಪು ಹಿಡಿದು, ಫಾರಂ ಹಾಗೆಯೇ ವಾಪಸ್ ತಂದು, ನೋಡಿದೆಯಾ ಎಂದು ತಂಗಿಗೆ ಹೇಳುವುದು ನನ್ನ ಲೆಕ್ಕಾಚಾರ.

ಬೆಳಗಿನ ಬಸ್ಸಿಗೆ ದುರ್ಗಕ್ಕೆ ಬಂದೆ. ಚರ್ಚಿನ ಬಾಗಿಲಲ್ಲಿ ಬಿಳಿ ಅಂಗಿ ತೊಟ್ಟ ಹಿರಿಯರೊಬ್ಬರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡು, "ಬರ್ರಿ ಬರ್ರಿ, ಇಬ್ರೂ ಒಳಗೆ ಕುಂತ್ಕಳ್ರಿ" ಅಂದರು. ಹಿಂತಿರುಗಿ ನೋಡಿದೆ. ರಸ್ತೆಯ ಆಚೆ ಒಂದು ಎತ್ತಿನ ಗಾಡಿ ಬಿಟ್ಟರೆ ಯಾರೂ ಇರಲಿಲ್ಲ. ಬಾಯಿ ತಪ್ಪಿ ಅಂದಿರಬೇಕು ಎಂದುಕೊಂಡೆ. ಇನ್ನೊಬ್ಬರು ಓಡಿ ಬಂದು ಕೀರ್ತನೆ ಪುಸ್ತಕ ಕೊಟ್ಟರು, ಒಂದಲ್ಲ, ಎರಡು. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ನಮ್ಮ ಹೆಡ್ ಗುಮಾಸ್ತರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದುದು ನೆನಪಾಯಿತು. ಫಾರಂ ಇದ್ದ ಕೈಚೀಲವನ್ನು ಎದೆಗೆ ಅವುಚಿಕೊಂಡು, ಬೇಕಾದಾಗ ಎದ್ದು ಹೋಗಲು ಅನುಕೂಲವಿರಲಿ ಎಂದು ಗಂಡಸರ ಕಡೆಯ ಕೊನೆಯ ಬೆಂಚಿನಲ್ಲಿ ಕುಳಿತೆ.

ಆರಾಧನೆ ಶುರುವಾಯಿತು. ಹಾಡಿದರು, ಪ್ರಾರ್ಥಿಸಿದರು, ಸತ್ಯವೇದ ಓದಿದರು. ನಮ್ಮ ಭಜನೆಯ ಮಟ್ಟಿನಲ್ಲೇ ಒಂದು ಕೀರ್ತನೆ ಬಂದಾಗ, ಇದು ಯಾರನ್ನು ಮರುಳು ಮಾಡಲಿಕ್ಕೆ ಎಂದು ಅನುಮಾನಿಸಿದೆ. ಈ ನಡುವೆ ಇನ್ನೊಂದು ಕಣ್ಣಿಗೆ ಬಿತ್ತು. ಬೆಂಚು ಐದು ಜನರದು. ನನ್ನ ಬಲಕ್ಕೆ ಮೂವರು ಒತ್ತರಿಸಿಕೊಂಡು ಕೂತಿದ್ದರು. ಎಡಕ್ಕೆ ಒಬ್ಬರು ಕೂರುವಷ್ಟು ಜಾಗ ಖಾಲಿ. ತಡವಾಗಿ ಬಂದ ಇಬ್ಬರು ಆ ಜಾಗ ನೋಡಿ, ತಲೆಬಾಗಿಸಿ, ಹಿಂದೆ ಗೋಡೆಗೆ ಒರಗಿ ನಿಂತರು. ನನ್ನ ಪಕ್ಕ ಕೂರಲು ಇವರಿಗೇನು ದಾಡಿ ಎಂದು ಮೈ ಉರಿಯಿತು. ಕಾಣಿಕೆ ಚೀಲ ಹಿಡಿದು ಬಂದವನು ನನ್ನ ಮುಂದೆ ಹಿಡಿದ. ನಾಲ್ಕಾಣೆ ಹಾಕಿದೆ. ಆಮೇಲೆ ಅವನು ಚೀಲವನ್ನು ಖಾಲಿ ಜಾಗದ ಮುಂದೆ ಹಿಡಿದು, ಮುದುಕರು ಸೊಂಟದ ಗಂಟು ಬಿಚ್ಚುವಷ್ಟು ಹೊತ್ತು ಕಾದು, ಮುಗುಳ್ನಕ್ಕು ಮುಂದೆ ಹೋದ.

ಪ್ರಕಟಣೆಗಳ ಹೊತ್ತಿಗೆ ಸಭಾಪಾಲಕರು, ಅಂದರೆ ಅಲ್ಲಿನ ಪಾದ್ರಿಗಳು, ಈ ದಿನ ಹೊಸಬರು ಬಂದಿದ್ದಾರೆ, ಎದ್ದು ನಿಲ್ಲಬೇಕು, ಸಭೆ ಅವರನ್ನು ಸ್ವಾಗತಿಸುತ್ತದೆ ಎಂದರು. ಎದ್ದು ನಿಂತೆ. ಅಷ್ಟೂ ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಅರ್ಧ ಕಣ್ಣು ನನ್ನ ಮೇಲೆ, ಅರ್ಧ ಕಣ್ಣು ನನ್ನ ಎಡಕ್ಕೆ. ಸಭಾಪಾಲಕರು ಕೈ ಬೀಸಿ, "ನೀವು ಕುಂತ್ಕಳ್ರಿ ಯಜಮಾನ್ರೆ, ವಯಸ್ಸಾದೋರು, ಏಳಾದು ಬ್ಯಾಡ" ಅಂದರು. ನನಗಾಗ ಇಪ್ಪತ್ತಾರು ವರ್ಷ.

ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಹೊಸಬನನ್ನು ಸಿಕ್ಕಿಸಲು ಇದೊಂದು ಆಟ, ಎಲ್ಲರೂ ಪಾಠ ಮಾಡಿಕೊಂಡು ಬಂದಿದ್ದಾರೆ ಎಂದೇ ತೀರ್ಮಾನಿಸಿದೆ. ಸಭಾಪಾಲಕರು ಪ್ರಸಂಗದಲ್ಲಿ ಏನು ಬೋಧಿಸಿದರೋ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಆಶೀರ್ವಾದ ಮುಗಿಯುತ್ತಲೇ ಜನ ನನ್ನನ್ನು ಸುತ್ತುವರಿದರು. ಯಾವ ಊರು, ಯಾರ ಮಗ, ಚಾ ಕುಡಿದೇ ಹೋಗಬೇಕು. ಕೈ ಕುಲುಕಿ ಕುಲುಕಿ ಅಂಗಳಕ್ಕೆ ಕರೆತಂದರು. ಬೆಂಚಿನ ಮೇಲೆ ಕೈಚೀಲ ಬಿಟ್ಟಿದ್ದೇನೆಂದು ಅರಿವಾದಾಗ ಒಳಗೆ ಓಡಿದೆ. ಚೀಲ ಅಲ್ಲೇ ಇತ್ತು. ಫಾರಂ ಇರಲಿಲ್ಲ.

ಸಿಕ್ಕಿಬಿದ್ದರು ಕಳ್ಳರು ಎಂದು ಒಳಗೊಳಗೇ ಹಿಗ್ಗಿದೆ ಎಂದರೆ ಸುಳ್ಳಲ್ಲ. ಪಕ್ಕದ ಕೋಣೆಯಲ್ಲಿ ಕರುಣಮ್ಮನವರು ಮೇಜಿನ ಮುಂದೆ ಕುಳಿತು ಫಾರಂಗಳನ್ನು ಜೋಡಿಸುತ್ತಿದ್ದರು. ನೆರೆತ ತಲೆ, ಬಿಳಿ ಸೀರೆ. ನನ್ನ ತಂಗಿಯ ಫಾರಂ ಎಲ್ಲಿ ಎಂದು ಕೇಳಿದೆ. ಆಕೆ ನಕ್ಕರು.

"ಆಗ್ಲೇ ಆತಲ್ಲಪ್ಪ. ನಿಮ್ಮ ಹಿರೇರು ತಂದು ಒತ್ತಿಕೊಟ್ರು. ಹೆಸ್ರು ಕೇಳಿದ್ರೆ, ಹುಡುಗಿ ಕಡೆಯೋನು ಅಂತ ಬರಕಾ ತಾಯಿ, ಅಂದ್ರು. ಹುಡುಗೀನ ಚೆನ್ನಾಗಿ ನೋಡ್ಕಳ್ರಿ ಅಂತ ಕೈ ಮುಗುದ್ರು."

ಫಾರಂ ನನ್ನ ಕಡೆ ತಿರುಗಿಸಿದರು. ಪೋಷಕರ ಸಹಿಯ ಜಾಗದಲ್ಲಿ ಒಂದು ಹೆಬ್ಬೆಟ್ಟು. ಬೆರಳಿಟ್ಟು ನೋಡಿದೆ, ಮಸಿ ಇನ್ನೂ ಹಸಿ, ನನ್ನ ಬೆರಳಿಗೆ ಹತ್ತಿತು. ನನ್ನ ಕಸುಬಿನ ಕಣ್ಣು ತನ್ನ ಕೆಲಸ ಮಾಡಿತು. ಎಡಗೈ ಹೆಬ್ಬೆರಳು. ಗಂಡಸಿನದು, ದುಡಿದವನದು. ಗೆರೆಗಳು ಶಂಖದ ಹಾಗೆ ಸುತ್ತಿದ್ದವು, ನಡುವೆ ಅಡ್ಡಲಾಗಿ ಹಳೆಯ ಗಾಯದ ಬಿಳಿ ಗೀಟು. ನಮ್ಮ ಕಚೇರಿಯಲ್ಲೂ ಅಷ್ಟು ಚೊಕ್ಕವಾಗಿ ಒತ್ತುವವರು ಅಪರೂಪ.

ನನ್ನ ಜೊತೆ ಯಾರೂ ಬಂದಿರಲಿಲ್ಲ ಎಂದೆ. ಆಕೆಯ ನಗು ನಿಂತಿತು. ಸುಳ್ಳು ಸಾಕ್ಷಿ ಹಿಡಿಯುವ ವಿದ್ಯೆ ನನಗೆ ಗೊತ್ತಿತ್ತು. ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು ಕೇಳಬೇಕು. ಬಾಗಿಲಲ್ಲಿದ್ದ ಹಿರಿಯರನ್ನು ಕೇಳಿದೆ, ಕಾಣಿಕೆ ಚೀಲದವನನ್ನು ಕೇಳಿದೆ, ಸಭಾಪಾಲಕರನ್ನೂ ಬಿಡಲಿಲ್ಲ. ಕಲಿತು ಬಂದ ಸಾಕ್ಷಿಗಳು ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಾರೆ. ಇವರು ಹಾಗೆ ಹೇಳಲಿಲ್ಲ. ಒಬ್ಬರು ಕರಿ ಕಂಬಳಿ ಹೊದ್ದಿದ್ದರು ಅಂದರು, ಇನ್ನೊಬ್ಬರು ಕಂಬಳಿ ಹೆಗಲ ಮೇಲಿತ್ತು ಅಂದರು. ಒಬ್ಬರಿಗೆ ಎಪ್ಪತ್ತು ಕಂಡಿತ್ತು, ಇನ್ನೊಬ್ಬರಿಗೆ ಅರವತ್ತು. ಕಾಲಲ್ಲಿ ಕೆರ ಇತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ. ನಿಜವಾಗಿ ಕಂಡವರು ಹೇಳುವುದು ಹೀಗೆಯೇ, ಅಲ್ಲಲ್ಲಿ ತಪ್ಪುತ್ತಾರೆ. ಅವರು ಎಲ್ಲಿ ಹೋದರು ಎಂದರೆ, "ನಿಮ್ಮ ಜತೀಗೇ ಇದ್ರಲ್ಲ, ಈಗ ತಾನೆ ಹೊಂಟ್ರಾ?" ಎಂದು ಸಭಾಪಾಲಕರೇ ನನ್ನನ್ನು ಕೇಳಿದರು. ಆಗ ಮೊದಲ ಬಾರಿಗೆ ನನಗೆ ಹೆದರಿಕೆಯಾಯಿತು.

ಕರುಣಮ್ಮನವರು ಫಾರಂ ಎತ್ತಿ ನನ್ನ ಮುಂದೆ ಹಿಡಿದರು. "ನಿಮಗೆ ಇಷ್ಟ ಇಲ್ದಿದ್ರೆ ತಗಂಡೋಗ್ರಿ. ಒಬ್ರ ಮನೆ ಹೆಣ್ಮಗುನ ಕದ್ದು ಓದ್ಸಾರಲ್ಲ ನಾವು."

ಕೈ ಚಾಚಿದ್ದರೆ ಮುಗಿಯುತ್ತಿತ್ತು. ಅದಕ್ಕೇ ಅಲ್ಲವೇ ಬಂದಿದ್ದು? ಚಾಚಲಿಲ್ಲ. ಸರಿ, ಕಳಿಸಿ ಎಂದೂ ಅನ್ನಲಿಲ್ಲ. ಸುಮ್ಮನೆ ಚೀಲ ತೆಗೆದುಕೊಂಡು, ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ಬಂದುಬಿಟ್ಟೆ. ಧೈರ್ಯವೋ, ಭಯವೋ, ಆ ಹೆಬ್ಬೆಟ್ಟಿನ ಮೇಲಿನ ಗೌರವವೋ, ಇವತ್ತಿಗೂ ಹೇಳಲಾರೆ.

ದಾರಿಯುದ್ದಕ್ಕೂ ನನ್ನ ಅನುಮಾನ ತಂಗಿಯ ಮೇಲೆ ತಿರುಗಿತು. ಇವಳೇ ಊರಿನ ಯಾವನೋ ಮುದುಕನಿಗೆ ದುಡ್ಡು ಕೊಟ್ಟು ಕಳಿಸಿದ್ದಾಳೆ. ಹಳ್ಳಿಗೆ ಬಂದವನೇ ಅವಳನ್ನು ಬಾಗಿಲಲ್ಲೇ ಹಿಡಿದು, ಯಾರನ್ನು ಕಳಿಸಿದ್ದೆ ಎಂದು ಗದರಿದೆ. ಅವಳು ಬೆಪ್ಪಾಗಿ ನಿಂತಳು. ಫಾರಂ ಎಲ್ಲಿ ಎಂದಳು. ಅಲ್ಲೇ ಇದೆ, ಹೋಯಿತು ಎಂದೆ. ಅಷ್ಟೇ ಅವಳಿಗೆ ಸಾಕಾಯಿತು. "ಒಪ್ಕಂಡ್ಯಾ ಅಣ್ಣಾ!" ಎಂದು ಕಾಲು ಹಿಡಿದು ಅತ್ತಳು. ತಾಯಿಯನ್ನು ಕರೆದು ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಸಂಜೆಯೊಳಗೆ ಇಡೀ ಊರಿಗೆ ಹೇಳಿದಳು, ನಮ್ಮಣ್ಣ ನನ್ನನ್ನು ನರ್ಸ್ ಓದಿಗೆ ಕಳಿಸ್ತಾನೆ ಎಂದು. ಇಲ್ಲ ಎನ್ನುವ ಹೊತ್ತು ಮೀರಿ ಹೋಯಿತು.

ಮಾರನೆಯ ದಿನ ಮನೆಯ ಪೆಟ್ಟಿಗೆಯಿಂದ ತಂದೆ, ಅಜ್ಜ ಹೆಬ್ಬೆಟ್ಟು ಒತ್ತಿದ್ದ ಹಳೆಯ ಜಮೀನು ಪತ್ರಗಳನ್ನು ತೆಗೆದು ನೋಡಿದೆ. ಕಂಬಳಿ ಅಂದಾಗಿನಿಂದ ಅದೊಂದು ಹುಳ ತಲೆಯಲ್ಲಿ ಕೊರೆಯುತ್ತಿತ್ತು. ತಂದೆಯ ಹೆಬ್ಬೆರಳಲ್ಲಿ ಚಕ್ರ, ಶಂಖವಲ್ಲ. ಗಾಯದ ಗುರುತೂ ಇರಲಿಲ್ಲ. ಅಜ್ಜನದೂ ತಾಳೆಯಾಗಲಿಲ್ಲ. ನಮ್ಮ ಕಡೆ ಕಂಬಳಿ ಇಲ್ಲದ ಮುದುಕ ಎಲ್ಲಿದ್ದಾನೆ? ಆಮೇಲಿನ ಮೂವತ್ತು ವರ್ಷ ನೌಕರಿಯಲ್ಲಿ ನನ್ನ ಮುಂದೆ ಬಂದ ಪ್ರತಿ ಹೆಬ್ಬೆರಳಲ್ಲೂ ಆ ಅಡ್ಡಗೀಟು ಹುಡುಕಿದ್ದೇನೆ. ಸಿಗಲಿಲ್ಲ.

ರತ್ನ ಓದಿದಳು. ಜಾತಿಯನ್ನು ಯಾರೂ ಕೆಡಿಸಲಿಲ್ಲ, ಹೆಸರೂ ರತ್ನ ಎಂದೇ ಉಳಿಯಿತು. ಹೊಸದುರ್ಗ, ಹೊಳಲ್ಕೆರೆ ಎಂದು ಆಸ್ಪತ್ರೆಯಿಂದ ಆಸ್ಪತ್ರೆಗೆ ವರ್ಗವಾಗುತ್ತ ಎಷ್ಟು ಹೆರಿಗೆ ಮಾಡಿಸಿದಳೋ. ಮದುವೆ, ಗೃಹಪ್ರವೇಶ, ನಿವೃತ್ತಿಯ ಸನ್ಮಾನ, ಎಲ್ಲಿಯೇ ಆಗಲಿ, ಇವರೇ ನನ್ನನ್ನು ಓದಿಸಿದ ಅಣ್ಣ ಎಂದು ಎಲ್ಲರೆದುರು ತೋರಿಸುತ್ತಿದ್ದಳು. ನಾನು ತಲೆ ತಗ್ಗಿಸುತ್ತಿದ್ದೆ. ಜನ ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಹೋದ ವರ್ಷ ನನ್ನ ಕಣ್ಣಿನ ಪೊರೆ ತೆಗೆಸಿದಾಗ ಅವಳೇ ಬಂದು ಹತ್ತು ದಿನ ಇದ್ದು ನೋಡಿಕೊಂಡಳು. ಒಂದು ಮಧ್ಯಾಹ್ನ ಕಣ್ಣಿಗೆ ಮದ್ದು ಬಿಡುತ್ತಿದ್ದಾಗ ತಡೆಯಲಾರದೆ ಹೇಳಿಬಿಟ್ಟೆ. ಅವತ್ತು ಒಪ್ಪಿಗೆ ಕೊಟ್ಟಿದ್ದು ನಾನಲ್ಲ ಕಣೇ ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

"ನೀನಲ್ಲ ಅಂತ ಗೊತ್ತಿತ್ತು ಕಣಣ್ಣ" ಅಂದಳು. "ಸೇರೋ ದಿನ ಫಾರಂ ನೋಡ್ದೆ. ಓದಿದೋನು ನೀನು, ಹೆಬ್ಬೆಟ್ಟು ಯಾಕೆ ಒತ್ತೀಯ? ಯಾರೋ ಪುಣ್ಯಾತ್ಮರು ಒತ್ಯವ್ರೆ ಅಂದ್ಕಂಡೆ. ಅವತ್ತು ಮನೇಗೆ ಬಂದಾಗ್ಲೇ ನಿನ್ನ ಮುಖ ಸರಿ ಇರ್ಲಿಲ್ಲ. ಬೆಳಗಾದ್ರೆ ಮನಸ್ಸು ತಿರುಗಿಸ್ತೀಯ ಅಂತ ಹೆದ್ರಿಕೆ ಆತು. ಅದಕ್ಕೇ ಊರಿಗೆಲ್ಲ ಡಂಗುರ ಸಾರಿದ್ದು. ಆಮೇಲೂ ಬಿಡ್ಲಿಲ್ಲ, ಎಲ್ಲಿ ನಡುವೆ ಕರ್ಕಂಡು ಬಂದ್ಬುಡ್ತೀಯೋ ಅಂತ."

ನಾನು ಜಗತ್ತನ್ನೆಲ್ಲ ಅನುಮಾನಿಸುತ್ತ ಕೂತಿದ್ದಾಗ ನನ್ನ ಸ್ವಂತ ತಂಗಿ ನನ್ನನ್ನು ಅನುಮಾನಿಸಿ, ಹೊಗಳಿ ಹೊಗಳಿಯೇ ಕಟ್ಟಿಹಾಕಿದ್ದಳು. ತಪ್ಪು ಅವಳದಲ್ಲ. ಅವಳ ಅನುಮಾನ ನಿಜವಾಗಿತ್ತು.

ಮದ್ದಿನ ಸೀಸೆ ಕೈಯಲ್ಲಿ ಹಿಡಿದೇ ಅವಳು, "ಹಂಗಾರೆ ಯಾರಣ್ಣ ಅವ್ರು?" ಅಂದಳು. ಗೊತ್ತಿಲ್ಲ ಎಂದೆ. ನನ್ನ ಕಣ್ಣಿನಿಂದ ನೀರು ಇಳಿಯತೊಡಗಿತ್ತು. ಅಳಬ್ಯಾಡ ಸುಮ್ನಿರು, ಹಾಕಿದ ಮದ್ದೆಲ್ಲ ಹೋತು ಎಂದು ಗದರಿ, ಹತ್ತಿಯಿಂದ ಒರೆಸಿ, ಮತ್ತೆರಡು ಹನಿ ಬಿಟ್ಟಳು.