ಹೆಂಚಿನ ಮೇಲೆ ನಿನ್ನೆಯ ಪಿಜ್ಜಾ

ಜೀವನ್ ಬಿಮಾ ನಗರದ ನಮ್ಮ ಮನೆಗೆ ಮರ್ಫಿ ಟೌನಿನಿಂದ ಅಡುಗೆಗೆ ಬರುತ್ತಿದ್ದ ಅಕ್ಕನಿಗೆ ಮೈಕ್ರೋವೇವ್ ಎಂದರೆ ತಾತ್ಸಾರ. ಅದರಲ್ಲಿ ಬಿಸಿ ಮಾಡಿದ ಹಿಂದಿನ ದಿನದ ಪಿಜ್ಜಾವನ್ನು ನನ್ನ ಮಗಳು ರಬ್ಬರಿನಂತೆ ಎಳೆದಾಡುವುದನ್ನು ಕಂಡ ದಿನವೇ ಅವರು ದೋಸೆ ಹೆಂಚನ್ನು ಒಲೆಗೇರಿಸಿದರು.

ಸಣ್ಣ ಉರಿ, ಹೆಂಚಿನ ಅಂಚಿಗೆ ನಾಲ್ಕು ಹನಿ ನೀರು, ಮೇಲೊಂದು ಮುಚ್ಚಳ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಕಡೆ ಕಿವಿ ವಾಲಿಸಿ ನಿಂತುಬಿಡುತ್ತಿದ್ದರು. ಆಯಿತೇ ಎಂದು ಕೇಳಿದರೆ ಯಾವಾಗಲೂ ಒಂದೇ ಉತ್ತರ: “ಅದೇ ಹೇಳುತ್ತೆ, ಇರಿ.”

ಒಂದು ಬೆಳಿಗ್ಗೆ ಶಾಲೆಯ ವ್ಯಾನ್ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿತ್ತು. ನಾನು ತಾಳ್ಮೆಗೆಟ್ಟು ಮುಚ್ಚಳಕ್ಕೆ ಕೈ ಹಾಕಿದೆ. ಅಕ್ಕ ಪಟ್ಟನೆ ನನ್ನ ಕೈಗೆ ಒಂದು ಏಟು ಕೊಟ್ಟರು. ನನ್ನ ಮನೆಯಲ್ಲೇ, ನನ್ನ ಮಗಳ ಎದುರಿಗೇ! ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ. ನೀರಿನ ಸದ್ದು ಅಡಗಿ, ತಳದಿಂದ ಸಣ್ಣಗೆ ಚಟಪಟ ಕೇಳಿದ ಮೇಲೆಯೇ ಮುಚ್ಚಳ ತೆಗೆದರು. ಚೀಸ್ ಕರಗಿ ಹೊಳೆಯುತ್ತಿತ್ತು. ತಳ ಹಪ್ಪಳದಷ್ಟು ಗರಿಗರಿ. ಮಗಳು ಕಚ್ಚಿದ ಸದ್ದು ಗೇಟಿನವರೆಗೂ ಕೇಳಿಸಿತು.

ಉಳಿದ ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಅವರ ಮುಂದೆ ಹಿಡಿದೆ. “ಇದು ನಿಮಗೆ, ತಿನ್ನಿ ಅಕ್ಕ.”

“ಅಯ್ಯೋ, ಬೇಡಮ್ಮ. ಆ ಚೀಸ್ ವಾಸನೆ ನಂಗಾಗಲ್ಲ. ಇವತ್ತಿನವರೆಗೂ ಬಾಯಿಗಿಟ್ಟಿಲ್ಲ,” ಎನ್ನುತ್ತ ಅವರು ಹೆಂಚು ಒರೆಸತೊಡಗಿದರು.

ಆಮೇಲೆ ಅವರ ಅಪ್ಪಣೆಯಿಲ್ಲದೆ ನಾನು ಆ ಮುಚ್ಚಳವನ್ನು ಮುಟ್ಟಿದ್ದಿಲ್ಲ.