ಬೆಂಡಿನ ಅಂಗಿ ತೊಟ್ಟ ಅವ್ವ

ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲ ಕೈ ನನ್ನದು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಾನು ಬಿ.ಎ. ಪಾಸಾದರೆ ಕಳ್ಳಂಬೆಳ್ಳ ಕೆರೆಯ ನಡುನೀರಿನಲ್ಲಿ ಗಂಗಮ್ಮನಿಗೆ ಹೂ ಬಿಡುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಅವಳಿಗೆ ಈಜು ಬಾರದು, ಹರಿಗೋಲು ಕಂಡರೆ ಭಯ. ನಾನು ಪಾಸಾಗಿ ಸಿರಾದ ಎಂಜಿನಿಯರ್ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರೂ ಹರಕೆ ಹಾಗೇ ಉಳಿದಿತ್ತು.

ಕೆರೆ ಕೋಡಿ ಬಿದ್ದ ವರ್ಷ ನಮ್ಮ ಎಂಜಿನಿಯರ್ ಸಾಹೇಬರು ವಿಹಾರಕ್ಕೆಂದು ಒಂದು ಮೋಟಾರು ದೋಣಿ ತರಿಸಿದರು. ಜನ ಯಂತ್ರ ನೋಡಿ ಬೆರಗಾದರು. ನಾನು ಬೆರಗಾದದ್ದು ಅದರ ಜೊತೆ ಬಂದ ಸಾಮಾನಿಗೆ. ಬೆಂಡಿನ ತುಂಡು ಸೇರಿಸಿ ಹೊಲಿದ ಅಂಗಿಗಳು, ನೀರಿಗೆ ಬಿದ್ದವರತ್ತ ಎಸೆಯಲು ಹಗ್ಗ ಕಟ್ಟಿದ ಬೆಂಡಿನ ಚಕ್ರ, ನೆರವಿಗೆ ಕರೆಯಲು ಸೀಟಿ, ಬೆಂಕಿ ಹತ್ತೀತೆಂದು ಮರಳಿನ ಬಕೆಟ್ಟು! ಸಮುದ್ರದಾಚೆ ಕೂತ ಯಾರೋ, ಕಂಡಿಲ್ಲದ ನಮ್ಮಂಥವರ ಜೀವದ ಬಗ್ಗೆ ಮುಂಚೆಯೇ ಯೋಚಿಸಿದ್ದರು. ಅಂಗಿ ತೊಡದವರನ್ನು ಹತ್ತಿಸಕೂಡದೆಂದು ಸಾಹೇಬರ ಕಟ್ಟಪ್ಪಣೆ.

ಆಯುಧಪೂಜೆಯ ದಿನ ಅಪ್ಪಣೆ ಪಡೆದು ಅವ್ವನನ್ನು ಕರೆದೊಯ್ದೆ. ಯಂತ್ರಕ್ಕೆ ಆಗಲೇ ಹೂ ಮುಡಿಸಿದ್ದರು. ಅವ್ವ ಚಕ್ರ ನೋಡಿದಳು.

"ಜೀವ ಉಳ್ಸೋ ಇದು ಆಯುಧ ಅಲ್ವೇನ್ಲಾ? ಇದನ್ನ ಬುಟ್ರೆ ಹೆಂಗೆ?"

ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಜಾರದಿರಲೆಂದು ಅರಿಶಿನದ ದಾರ ಸುತ್ತಿ ಸುತ್ತಿ ದೋಣಿಯ ಅಂಚಿಗೆ ಬಿಗಿದಳು.

ನಾನು ಅವಳಿಗೆ ಅಂಗಿ ತೊಡಿಸಿದೆ. "ಎತ್ತಿಗೆ ಜೂಲು ಹಾಕ್ದಂಗದೆ," ಎಂದು ನಕ್ಕಳು. "ನಿಮ್ಮಪ್ಪ ಈಜು ಕಲ್ಸೋಕೆ ನಿನ್ನ ಬಾವಿಗೆ ಇಳ್ಸೋವಾಗ ಸೊಂಟಕ್ಕೆ ಸೋರೆಬುರುಡೆ ಕಟ್ತಿದ್ದೋಳು ನಾನು. ಈಗ ನೀನು ನಂಗೆ."

ದೋಣಿ ನಡೆಸುವ ಸಾಬರು ಸಿರಾದವರು. "ಗಟ್ಟಿಯಾಗಿ ಕಟ್ಟಿ ಸ್ವಾಮಿ. ಗಂಗಮ್ಮಂಗೆ ಹೂವೇ ಸಾಕು, ಅಮ್ಮಾವ್ರು ಬ್ಯಾಡ."

ನಡುನೀರಿನಲ್ಲಿ ಸಾಬರು ಯಂತ್ರ ನಿಲ್ಲಿಸಿದರು. ಅವ್ವ ಹೂಬುಟ್ಟಿ ಹಿಡಿದು ಎದ್ದಳು.

"ಕೂತ್ಕೊಂಡೇ ಬುಡಿ ಅಮ್ಮಾ!"

"ದೇವ್ರಿಗೆ ಯಾರಾದ್ರೂ ಕೂತ್ಕೊಂಡು ಕೊಡ್ತಾರಾ ಸಾಬ್ರೇ?"

ದೋಣಿ ವಾಲಿತು. ಅವ್ವ ನೀರಿಗೆ ಬಿದ್ದಳು.

ಚಕ್ರಕ್ಕೆ ಕೈ ಹಾಕಿದೆ. ಬರಲಿಲ್ಲ. ದಾರ ಎಳೆದೆ, ಹಲ್ಲಿನಿಂದ ಕಚ್ಚಿದೆ. ಅವ್ವನ ಗಂಟು, ಬಿಚ್ಚಿಕೊಳ್ಳಲಿಲ್ಲ. ನಾನೇ ಹಾರುವೆನೆಂದು ಎದ್ದಾಗ ದನಿ ಕೇಳಿತು.

"ಲೇ, ನೀರು ನನ್ನ ಎತ್ಕೊಂಡದೆ ಕಣ್ಲಾ!"

ಎದೆಯವರೆಗೆ ನೀರು, ಸುತ್ತ ಉಬ್ಬಿದ ಸೀರೆ, ಅದರ ಸುತ್ತ ತೇಲುವ ಚೆಂಡುಹೂ. ಜೀವಮಾನವೆಲ್ಲ ಕೆರೆಗೆ ಹೆದರಿದ ಹೆಂಗಸು ಅದರ ಮಡಿಲಲ್ಲಿ ಕೂತಂತೆ ತೇಲುತ್ತಿದ್ದಳು. ಸಾಬರು ಹುಟ್ಟು ಚಾಚಿದರು, ಹಿಡಿದುಕೊಂಡಳು, ಇಬ್ಬರೂ ಸೇರಿ ಎತ್ತಿಕೊಂಡೆವು.

ದಡ ಸೇರಿದ ಮೇಲೆ ಅವ್ವ ಒದ್ದೆ ಸೀರೆ ಕೂಡ ಹಿಂಡಲಿಲ್ಲ. ಚಕ್ರದ ಮುಂದೆ ಕೂತು ತಾನು ಹಾಕಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು.

"ಕುಂಕುಮ ಇರ್ಲಿ, ದಾರ ಬ್ಯಾಡ. ಕಾಯೋರ ಕೈ ಕಟ್ಬಾರ್ದು."

ಆಮೇಲೆ ಸಾಬರತ್ತ ತಿರುಗಿ ಕೇಳಿದಳು: "ಹೂವಿನ ಜೊತೆ ನಾನೂ ಹೋಗ್ಬಂದೆ. ಹರಕೆ ಸಂದಂಗೇ ಅಲ್ವ್ರಾ?"