ನೋಡಿ ನೋಡಿ ಅಂಟಿಸಿದ ಕಣ್ಣುಬೇನೆ

ಬರೀ ದಿಟ್ಟಿಸಿ ನೋಡಿ ಇನ್ನೊಬ್ಬರಿಗೆ ರೋಗ ಅಂಟಿಸಲು ನಿಮ್ಮಲ್ಲಿ ಯಾರಿಗೆ ಬರುತ್ತದೆ, ಮಕ್ಕಳೇ? ಔರಾದಿನಲ್ಲಿ ನಾನು ಚಿಕ್ಕವಳಿದ್ದಾಗ ನನಗೆ ಬರುತ್ತಿತ್ತು. ಮೊನ್ನೆಯವರೆಗೂ ಹಾಗೆಂದೇ ನಂಬಿದ್ದೆ.

ಆ ವರ್ಷ ಅಕ್ಕ ಪರೀಕ್ಷೆಯಲ್ಲಿ ಮೊದಲು ಬಂದಿದ್ದಳು. ಸೋಮವಾರ ಅವಳನ್ನು ಭಾಲ್ಕಿಗೆ ಕರೆದೊಯ್ದು ರೈಲು ತೋರಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ನನಗೋ ಕಣ್ಣು ಬಂದಿದ್ದವು. ಬೆಳಿಗ್ಗೆ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿರುತ್ತಿದ್ದವು, ಬಿಡಿಸಿದರೆ ಒಳಗೆ ಮರಳು ಹಾಕಿದಂತೆ ಚುಚ್ಚುತ್ತಿತ್ತು. ತಂಪಾಗಲೆಂದು ಅವ್ವ ಕಾಡಿಗೆ ಮೆತ್ತಿದ್ದಳು. ಅಕ್ಕನಿಗೆ ಮಾತ್ರ, "ಅಕಿ ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ, ನಿನಗೂ ಬರ್ತಾವ" ಎಂದಳು.

ನನಗೆ ಅಷ್ಟು ಸಾಕಾಯಿತು. ಅಕ್ಕ ರೊಟ್ಟಿ ತಿನ್ನುವಾಗ, ಜಡೆ ಹಾಕಿಕೊಳ್ಳುವಾಗ ಎದುರಿಗೇ ಕೂತು ನೋಡಿದೆ. ಸುರಿಯುವ ನೀರನ್ನು ಕೈಗೆ ಸಿಕ್ಕ ಬಟ್ಟೆಯಿಂದ ಒರೆಸಿಕೊಂಡು ಮತ್ತೆ ನೋಡಿದೆ.

"ಗೂಬಿ ಹಂಗ ಯಾಕ ನೋಡ್ಲಕತ್ತಿ?" ಎಂದು ಅಕ್ಕ ನಕ್ಕಳು.

ಸೋಮವಾರ ಅವಳ ಕಣ್ಣು ಕೆಂಪು ಮೆಣಸಿನಕಾಯಿಯಂತಾಗಿದ್ದವು. ನನ್ನವು ವಾಸಿಯಾಗಿದ್ದವು. ಅಪ್ಪ ನನ್ನನ್ನು ಬಸ್ಸು ಹತ್ತಿಸಿದ. ಭಾಲ್ಕಿ ಸ್ಟೇಷನ್ನಿನಲ್ಲಿ ಕಲ್ಲಿದ್ದಲಿನ ಹೊಗೆ, ಬಿಸಿ ಕಬ್ಬಿಣದ ವಾಸನೆ, ಕಾಲಡಿ ನಡುಗುವ ನೆಲ. ಅಪ್ಪ ಕೊಡಿಸಿದ ಪೇರಲಹಣ್ಣನ್ನು ಮಾತ್ರ ಕಚ್ಚದೆ ಕೈಯಲ್ಲೇ ಹಿಡಿದುಕೊಂಡಿದ್ದೆ. ಮನೆಗೆ ಬಂದಾಗ ಅಕ್ಕ ಕಣ್ಣು ಮುಚ್ಚಿಕೊಂಡೇ, "ರೈಲು ಹ್ಯಾಂಗಿತ್ತು?" ಎಂದು ಕೇಳಿದಳು.

"ಭಾಳ ಗಲೀಜ ಅದ" ಎಂದುಬಿಟ್ಟೆ.

ಈಗ ನನ್ನ ಮೊಮ್ಮಗಳು ಬೀದರಿನ ಕಾಲೇಜಿನಲ್ಲಿ ವೈರಸ್‌ಗಳ ಬಗ್ಗೆ ಓದುತ್ತಾಳೆ. ಮೊನ್ನೆ ಅವಳಿಗೆ ಇದನ್ನೆಲ್ಲ ಹೇಳಿದೆ.

"ಆಯಿ, ನೋಡಿದ್ರ ಅದು ಹತ್ತಂಗಿಲ್ಲ" ಎಂದಳು. ಎದೆ ಹಗುರಾಯಿತು. "ಕಣ್ಣೀರು ಹತ್ತಿದ ಕೈಯಿಂದ, ಬಟ್ಟಿಯಿಂದ ವೈರಸ್ ದಾಟತದ."

ಹಗುರಾದ ಎದೆ ಮತ್ತೆ ಭಾರವಾಯಿತು. ಅಂದು ನನ್ನ ಕೈಗೆ ಸಿಕ್ಕಿದ್ದು ಅಕ್ಕ ಮುಖ ಒರೆಸಿಕೊಳ್ಳುವ ದಸ್ತಿ. ನಿಮಗೀಗ ಒಬ್ಬೊಬ್ಬರಿಗೆ ಒಂದೊಂದು ಟವೆಲ್ಲು, ಅದಕ್ಕೊಂದು ಕೊಕ್ಕೆ, ಕೈ ತೊಳೆಯಲು ಬಣ್ಣಬಣ್ಣದ ಸಾಬೂನು. ನಮಗಿದ್ದದ್ದು ಗೋಡೆಯ ಒಂದು ಗೂಟ. ಅದರ ಮೇಲೆ ಯಾರದಿರುತ್ತಿತ್ತೋ ಅದು ಎಲ್ಲರದು.

ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, ತಪ್ಪೆಲ್ಲ ಒಪ್ಪಿಕೊಂಡು ಅಕ್ಕನಿಗೆ ಬರೆದು ಕಳಿಸಿದೆ. ಕೂಡಲೇ ಅವಳ ಕರೆ ಬಂತು.

"ನನ್ನ ದಸ್ತಿ ತುಂಬ ನಿನ್ನ ಕಾಡಿಗಿ ಹತ್ತಿದ್ದು ಅವತ್ತೇ ನೋಡೀನಿ. ಅದಿರಲಿ, ಅವತ್ತಿನ ರೈಲು ಖರೇನ ಹ್ಯಾಂಗಿತ್ತು, ಈಗರೆ ಹೇಳು."